ಪಕ್ಕದ ಗುಡಿಯ ಪೂಜಾರಿ

ವಾಲ್ವ್ ಕಂಪನಿಯ ‘ಪೋರ್ಟಲ್’ ಎಂಬ ವಿಡಿಯೊ ಗೇಮಿನಲ್ಲಿ ನಮ್ಮ ಕೈಗೆ ಸಿಗುವುದು ಒಂದೇ ಬಂದೂಕು. ಅದೂ ಗುಂಡು ಹಾರಿಸುವುದಿಲ್ಲ. ಈ ಗೋಡೆಗೊಂದು ತೂತು, ಆ ಗೋಡೆಗೊಂದು ತೂತು. ಇಲ್ಲಿ ನುಗ್ಗಿದರೆ ಅಲ್ಲಿ ಹೊರಗೆ. ತಲೆ ಓಡಿಸಿದರೆ ಎಂಥ ಕೋಣೆಯಿಂದಲೂ ಪಾರಾಗಬಹುದು. 2024ರ ಜನವರಿಯಲ್ಲಿ ಒಬ್ಬ ಪ್ರೋಗ್ರಾಮರ್ ಮಾತ್ರ ಈ ಬಂದೂಕಿಗೂ ಬಗ್ಗದ ಗೋಡೆಗೆ ಹಣೆ ಚಚ್ಚಿಕೊಂಡ. ಅದು ಕಾಯಿದೆಯ ಗೋಡೆ.

ಆತ ಮಾಡಿದ ಅಪರಾಧ ಇಷ್ಟೇ: 2007ರ ಆಟವನ್ನು ನಿಂಟೆಂಡೊ ಕಂಪನಿಯ 1996ರ ‘ನಿಂಟೆಂಡೊ 64’ ಎಂಬ ಗೇಮ್ ಯಂತ್ರದೊಳಕ್ಕೆ ತುರುಕಿದ. ಅದರ ಮೆಮೊರಿ 4 ಎಂಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಮದುವೆ ಫೋಟೊಗೇ ಅದು ಸರಿಹೋಯಿತು. ಅಷ್ಟರಲ್ಲೇ ತೂತಿನೊಳಗೆ ಇನ್ನೊಂದು ಕೋಣೆ ಕಾಣುವಂತೆ ಮಾಡಿದ. ಪುಣ್ಯಾತ್ಮನಿಗೆ ಒಂದು ಶಾಲು ಹೊದಿಸಬೇಕಿತ್ತು. ಬಂದದ್ದು ‘ತೆಗೆದುಬಿಡಿ’ ಎಂಬ ಮಾತು.

ಹೇಳಿದ್ದು ನಿಂಟೆಂಡೊ ಅಲ್ಲ, ಆಟದ ಯಜಮಾನ ವಾಲ್ವ್. ನಮ್ಮ ಆಟ ಕದ್ದಿರಿ ಅಂತಲೂ ಅಲ್ಲ! ನೀವು ಬಳಸಿದ ಸಾಫ್ಟ್‌ವೇರ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು, ನಿಂಟೆಂಡೊದವರ ಸ್ವತ್ತು, ನಮಗ್ಯಾಕೆ ಊರ ಉಸಾಬರಿ ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೇ ಪಕ್ಕದ ಗುಡಿಯ ಪೂಜಾರಿಗೆ ಹೆದರಿದ. ಹೆಸರಿಗೆ ತಕ್ಕಂತೆ ವಾಲ್ವ್ ತಿರುಗಿಸಿದರು, ನೀರು ನಿಂತಿತು.

ಹಾಗಂತ ವಾಲ್ವ್ ಜಿಪುಣ ಕಂಪನಿಯೇನಲ್ಲ. ‘ಪೋರ್ಟಲ್’ ಹುಟ್ಟಿದ್ದೇ ಗೇಮ್ ತಯಾರಿಕೆ ಕಲಿಸುವ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಎಂಬ ಆಟದಿಂದ. ಅದನ್ನು ನೋಡಿ ಇಡೀ ತಂಡವನ್ನೇ ಕೆಲಸಕ್ಕೆ ಕರೆದುಕೊಂಡರು. 2007ರಲ್ಲೇ ಅಭಿಮಾನಿಗಳು ಕಂಪ್ಯೂಟರಿನ ಬ್ರೌಸರಿನಲ್ಲಿ ಆಡುವ ಅನಧಿಕೃತ ಫ್ಲ್ಯಾಶ್ ಆವೃತ್ತಿ ತಂದರು. ಮರುವರ್ಷ ಅದನ್ನು ಆಧರಿಸಿದ ಹಂತಗಳು ಎಕ್ಸ್‌ಬಾಕ್ಸಿನ ‘ಪೋರ್ಟಲ್: ಸ್ಟಿಲ್ ಅಲೈವ್’ ಎಂಬ ಅಧಿಕೃತ ಆವೃತ್ತಿಯ ಒಳಗೇ ಬಂದು ಕೂತವು. ಬದುಕಿರುವ ಯಂತ್ರದಲ್ಲಿ ಆಡಿಸಿದವನು ಮನೆಮಗ. ತಯಾರಿಕೆ ನಿಂತು ಇಪ್ಪತ್ತು ವರ್ಷ ದಾಟಿದ ಯಂತ್ರದಲ್ಲಿ ಆಡಿಸಿದವನಿಗೆ ಆಸ್ತಿ ತಕರಾರು. ಅಜ್ಜನ ತಿಥಿಯೂಟ ಎಷ್ಟೋ ಸಲ ಆಯಿತು, ಅವರ ಸೈಕಲ್ ಪಂಪು ಮಾತ್ರ ಇನ್ನೂ ಬೀರುವಿನಲ್ಲಿ, ಬೀಗದೊಳಗೆ.

‘ಪೋರ್ಟಲ್’ನ 17ನೇ ಕೋಣೆಯಲ್ಲಿ ಗುಲಾಬಿ ಹೃದಯ ಬರೆದ ಪೆಟ್ಟಿಗೆಯೊಂದು ಸಿಗುತ್ತದೆ. ಇದು ನಿನ್ನ ಸಂಗಾತಿ, ಜೋಪಾನ, ಎನ್ನುತ್ತದೆ ಗ್ಲ್ಯಾಡೋಸ್ ಎಂಬ ಯಂತ್ರ. ಅದನ್ನೇ ಮೆಟ್ಟಿಲು ಮಾಡಿಕೊಂಡು, ಗುರಾಣಿ ಮಾಡಿಕೊಂಡು ಕೋಣೆಯುದ್ದಕ್ಕೂ ಹೊರುತ್ತೇವೆ. ಕೊನೆಗೆ, ಮುಂದೆ ಹೋಗಬೇಕೆಂದರೆ ಕೈಯಾರೆ ಅದನ್ನು ಬೆಂಕಿಗೆ ಹಾಕಬೇಕು. ಹಾಕಿದರೆ, ಇಷ್ಟು ಬೇಗ ಸುಟ್ಟವರು ಬೇರಾರೂ ಇಲ್ಲ ಎಂದು ಅದೇ ಯಂತ್ರ ಹಂಗಿಸುತ್ತದೆ.

ಪ್ರೋಗ್ರಾಮರ್ ಜನರ ಕೈಗಿಟ್ಟದ್ದು ಮೊದಲ 13 ಕೋಣೆ ಮಾತ್ರ. 17ನೆಯದನ್ನು ಅವನೊಬ್ಬನೇ ಆಡಿ ಮುಗಿಸಿದ.