ಬೈಕಿಗೆ ಸ್ಟೆಪ್ನಿ ಎಲ್ಲಿದೆ ಸ್ವಾಮಿ?

ಬೈಕ್ ಇನ್ಶೂರೆನ್ಸ್ ರಿನ್ಯೂವಲ್ ಬಂದಿದೆ. ಈ ಸಲ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದ್ರೆ ದಾರೀಲಿ ಗಾಡಿ ಕೆಟ್ರೆ ಬಂದು ಸಹಾಯ ಮಾಡೋ ಸೇವೆ, ಯಾವ್ದು ತಗೊಳ್ಳೋದು ಅಂತ ಕೂತ್ಕೊಂಡು ಒಂದೊಂದೇ ಕಂಪ್ನಿದು ಪಿಡಿಎಫ್ ಇಳಿಸ್ಕೊಂಡು ಓದಿದ್ದೇ ಓದಿದ್ದು, ತಲೆ ಕೆಟ್ಟು ಹೋಗಿದೆ. ಮೇಲ್ಗಡೆ ದೊಡ್ಡಕ್ಷರದಲ್ಲಿ ಟೂ ವೀಲರ್ ಅಂತ ಹೆಡ್ಡಿಂಗು, ಒಳಗೆ ಪಂಕ್ಚರ್ ಆದ್ರೆ ಏನ್ ಮಾಡ್ತಾರಪ್ಪ ಅಂತ ಹುಡುಕಿದ್ರೆ ವಾಹನದಲ್ಲಿರೋ ಸ್ಪೇರ್ ವೀಲನ್ನ ಇವರ ಟೆಕ್ನಿಷಿಯನ್ ಬಂದು ಬದಲಾಯಿಸಿ ಕೊಡ್ತಾನಂತೆ. ಯಾವ ಬೈಕಲ್ಲಿ ಸ್ಪೇರ್ ವೀಲ್ ಇರುತ್ತೆ ಸ್ವಾಮಿ? ಹಳೇ ಬಜಾಜ್ ಚೇತಕ್ಕಲ್ಲಿ ಇತ್ತು, ನಮ್ಮಪ್ಪಾಜಿ ಹತ್ರ ಒಂದಿತ್ತು, ಅವರೇ ರೋಡ್ ಪಕ್ಕ ನಿಲ್ಸಿ ಹತ್ತು ನಿಮಿಷದಲ್ಲಿ ಚಕ್ರ ಬದಲಾಯಿಸಿ ಕೈ ಒರೆಸ್ಕೊಂಡು ಹೊರಡೋರು, ಅವರಿಗೆ ಯಾವ ಅಸಿಸ್ಟೆನ್ಸೂ ಬೇಕಿರ್ಲಿಲ್ಲ. ಈಗಿನ ಸ್ಪ್ಲೆಂಡರಿಗೆ, ಪಲ್ಸರಿಗೆ, ಬುಲೆಟ್ಟಿಗೆ ಸ್ಟೆಪ್ನಿ ಎಲ್ಲಿ ಕಟ್ಟೋದು, ಹಿಂದೆ ಹೆಂಡ್ತಿ ಕೂರೋ ಜಾಗದಲ್ಲಾ? ಕಾರಿಗೆ ಅಂತ ಬರೆದಿದ್ದ ಕಾಗದದಲ್ಲಿ ಕಾರ್ ಅಂತಿದ್ದ ಕಡೆಯೆಲ್ಲ ಅಳಿಸಿ ಟೂ ವೀಲರ್ ಅಂತ ಟೈಪ್ ಮಾಡಿ ಮಾರೋಕೆ ಇಟ್ಬಿಟ್ಟಿದಾರೆ, ಬೈಕ್ ಓಡಿಸೋ ಒಬ್ಬೇ ಒಬ್ಬ ಮನುಷ್ಯ ಅದನ್ನ ಓದಿ ನೋಡಿದ್ರೆ ಮೊದಲ ಪೇಜಲ್ಲೇ ಗೊತ್ತಾಗಿರೋದು.

ಇದು ಬರೀ ಪ್ರಿಂಟ್ ಮಿಸ್ಟೇಕ್ ಆಗಿದ್ರೆ ನಕ್ಕೊಂಡು ಸುಮ್ನಾಗ್ಬಹುದಿತ್ತು. ಆದ್ರೆ ಆಮೇಲೆ ಬರೋದೆಲ್ಲ ಹಂಗೇನೇ. ಬ್ಯಾಟರಿ ಡೌನ್ ಆದ್ರೆ ಜಂಪ್ ಸ್ಟಾರ್ಟ್ ಕೊಡ್ತೀವಿ, ಅಂದ್ರೆ ಬೇರೆ ಬ್ಯಾಟರಿಯಿಂದ ವೈರ್ ಎಳೆದು ಸ್ಟಾರ್ಟ್ ಮಾಡ್ಕೊಡ್ತೀವಿ ಅಂತಾರೆ. ಹೋದ್ವರ್ಷ ನಮ್ಮ ಗೆಳೆಯಂದು ನೆಲಮಂಗಲದ ಹತ್ರ ಬೈಕ್ ನಿಂತೋಯ್ತು, ಬೆಂಗಳೂರಿಗೆ ಅಂಟ್ಕೊಂಡೇ ಇರೋ ಜಾಗ ಆದ್ದರಿಂದ ಅಸಿಸ್ಟೆನ್ಸ್‌ನವನು ಬಂದೂ ಬಂದ. ಅವನ ಕೈಯಲ್ಲಿದ್ದಿದ್ದು ಕಾರಿನ ಜಂಪರ್ ಕೇಬಲ್, ಹೆಬ್ಬೆರಳು ಗಾತ್ರದ ವೈರು, ಅದರ ತುದಿಯಲ್ಲಿ ಅಂಗೈ ಅಗಲದ ಕ್ಲಿಪ್ಪು. ಬೈಕ್ ಬ್ಯಾಟರಿ ಇರೋದು ಸೀಟ್ ಕೆಳಗೆ ಇಷ್ಟೇ ಇಷ್ಟು ಜಾಗದಲ್ಲಿ, ಟರ್ಮಿನಲ್ ಅಂದ್ರೆ ಒಂದು ಸಣ್ಣ ನಟ್ಟು ಬೋಲ್ಟು, ಆ ಕ್ಲಿಪ್ಪು ಅದರ ಒಳಗೆ ಹೋಗೋದೇ ಇಲ್ಲ, ಹೋದ್ರೂ ಪ್ಲಸ್ಸಿಗೆ ಹಾಕಿದ್ದು ಫ್ರೇಮಿಗೆ ತಾಗಿ ಕಿಡಿ ಹಾರುತ್ತೆ. ಇಬ್ರೂ ಸೇರ್ಕೊಂಡು ಟೂಲ್ ಕಿಟ್ಟಲ್ಲಿದ್ದ ಸ್ಪ್ಯಾನರನ್ನ ಟರ್ಮಿನಲ್ಲಿಗೆ ಒತ್ತಿ ಹಿಡ್ಕೊಂಡು ಅದಕ್ಕೆ ಕ್ಲಿಪ್ ಸಿಕ್ಕಿಸಿ ಹೆಂಗೋ ಸ್ಟಾರ್ಟ್ ಮಾಡಿದ್ರು. ಆ ಹುಡುಗನ್ನ ಬೈದು ಪ್ರಯೋಜನ ಇಲ್ಲ ಬಿಡಿ, ಅವನಿಗೆ ಕೊಟ್ಟಿದ್ದೇ ಅದು. ನಮ್ಮ ಕಾಲದ ಬೈಕಿಗೆ ಕಿಕ್ಕರ್ ಇತ್ತು, ಬ್ಯಾಟರಿ ಸತ್ರೂ ಒದ್ದು ಸ್ಟಾರ್ಟ್ ಮಾಡ್ತಿದ್ವಿ. ಈಗ ಎಷ್ಟೋ ಬೈಕಲ್ಲಿ ಕಿಕ್ಕರೇ ಇಲ್ಲ, 2020ರ ಏಪ್ರಿಲ್ಲಲ್ಲಿ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಹೆಚ್ಚುಕಡಿಮೆ ಎಲ್ಲಾದಕ್ಕೂ ಫ್ಯೂಯೆಲ್ ಇಂಜೆಕ್ಷನ್ನು, ಬ್ಯಾಟರಿ ಪೂರ್ತಿ ಸತ್ರೆ ಪೆಟ್ರೋಲ್ ಪಂಪೇ ಓಡಲ್ಲ, ಎಷ್ಟು ತಳ್ಳಿದ್ರೂ ಅಷ್ಟೇ. ಅಂದ್ರೆ ಮೊದಲಿಗಿಂತ ಈಗ್ಲೇ ಈ ಅಸಿಸ್ಟೆನ್ಸ್ ಜಾಸ್ತಿ ಬೇಕಾಗಿರೋದು, ಈಗ್ಲೇ ಇವರು ಹಿಂಗೆ.

ಇನ್ನು ಟೋಯಿಂಗ್, ಅಂದ್ರೆ ಕೆಟ್ಟ ಗಾಡೀನ ಗ್ಯಾರೇಜಿಗೆ ಸಾಗಿಸೋ ವಿಷಯಕ್ಕೆ ಬರೋಣ. ನನ್ನ ಹೊಟ್ಟೆ ಉರೀತಿರೋದು ಇಲ್ಲೇ. ರಿನ್ಯೂವಲ್ ಪೇಜಲ್ಲಿ ಒಂದು ಚಿಕ್ಕ ಬಾಕ್ಸ್ ಇರುತ್ತೆ, ಪಕ್ಕದಲ್ಲಿ ನೂರೋ ಇನ್ನೂರೋ ರೂಪಾಯಿ, 24 ಗಂಟೆ ಸೇವೆ, ದೇಶದಾದ್ಯಂತ, ಟಿಕ್ ಮಾಡಿ ಮುಂದೆ ಹೋಗಿ. ಎಷ್ಟು ಕಿಲೋಮೀಟರ್ ತನಕ ಟೋ ಮಾಡ್ತಾರೆ, ಎಲ್ಲಿಗೆ ಮಾಡ್ತಾರೆ, ಯಾವ ಊರಿಂದ ಎಷ್ಟು ದೂರದ ಒಳಗಿದ್ರೆ ಬರ್ತಾರೆ, ವರ್ಷಕ್ಕೆ ಎಷ್ಟು ಸಲ, ಇದ್ಯಾವುದೂ ಆ ಬಾಕ್ಸ್ ಪಕ್ಕ ಇರಲ್ಲ, ಪಾಲಿಸಿ ವರ್ಡಿಂಗ್ ಅಂತ ಇನ್ನೊಂದು ಪಿಡಿಎಫ್ ಇರುತ್ತೆ, ಅದರ ಹಿಂದಿನ ಪೇಜುಗಳಲ್ಲಿ ಆಡ್ ಆನ್‌ಗಳ (ಪಾಲಿಸಿ ಮೇಲೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಹೆಚ್ಚುವರಿ ಕವರ್‌ಗಳ) ರಾಶಿ ಒಳಗೆ ಹುಡುಕ್ಬೇಕು. ಹುಡುಕಿದ್ರೆ ಒಬ್ಬರು ಹತ್ತಿರದ ಗ್ಯಾರೇಜ್ ತನಕ ಅಂತಾರೆ, ಇನ್ನೊಬ್ಬರು ತಮ್ಮ ನೆಟ್‌ವರ್ಕ್ ಗ್ಯಾರೇಜ್ ತನಕ ಮಾತ್ರ ಅಂತಾರೆ, ಮತ್ತೊಬ್ಬರು ಇಷ್ಟು ಕಿಲೋಮೀಟರ್ ಫ್ರೀ ಅದರ ಮೇಲೆ ನೀವೇ ಕೊಡಿ ಅಂತಾರೆ, ಆ ಕಿಲೋಮೀಟರ್ ಲೆಕ್ಕ ಟೋ ಗಾಡಿ ಹೊರಟ ಜಾಗದಿಂದಾನಾ ನಮ್ಮ ಬೈಕ್ ನಿಂತಿರೋ ಜಾಗದಿಂದಾನಾ ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ. ಕೊನೇಲಿ ಒಂದು ಸಾಲು, ವಾಹನ ಹೋಗಲಾಗದ ರಸ್ತೆ, ನೀರು ನಿಂತ ಜಾಗ, ಕಾಡುದಾರಿ ಇವೆಲ್ಲ ಹೊರತುಪಡಿಸಿ. ಮತ್ತೆ ಬೈಕಿನವರು ಹೋಗೋದೇ ಅಲ್ಲಿಗಲ್ವಾ? ಎಂ.ಜಿ. ರೋಡಲ್ಲಿ ಬೈಕ್ ನಿಂತ್ರೆ ನನಗೆ ಯಾವ ಅಸಿಸ್ಟೆನ್ಸೂ ಬೇಡ, ತಳ್ಕೊಂಡು ಶಿವಾಜಿನಗರಕ್ಕೆ ಹೋಗ್ತೀನಿ, ಅಲ್ಲಿ ಬೈಕಿಗೆ ಬೇಕಾಗಿದ್ದೆಲ್ಲ ಸಿಗುತ್ತೆ. ಬೇಕಾಗೋದು ಶಿರಾಡೀಲಿ, ಆಗುಂಬೇಲಿ, ಚಾರ್ಮಾಡೀಲಿ.

ಚಾರ್ಮಾಡಿ ಅಂದಾಗ ಹೇಳ್ಲೇಬೇಕು. ಉಜಿರೆ ಕಡೆಯಿಂದ ಊರಿಗೆ ವಾಪಸ್ ಬರ್ತಿದ್ದೆ, ಭಾನುವಾರ ಸಂಜೆ, ಸಣ್ಣಗೆ ಮಳೆ, ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಸ್ವಲ್ಪ ಮೇಲೆ ಬಂದಿದ್ದೆ ಅಷ್ಟೇ, ಬೈಕ್ ಕೆಮ್ಮಿ ಕೆಮ್ಮಿ ನಿಂತೋಯ್ತು. ರೆಗ್ಯುಲೇಟರ್ ಹೋಗಿದ್ದು ಅಂತ ಆಮೇಲೆ ಗೊತ್ತಾಯ್ತು, ಚಾರ್ಜೇ ಆಗದೆ ಬ್ಯಾಟರಿ ಖಾಲಿ. ಅಲ್ಲಿ ನೆಟ್‌ವರ್ಕ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಮಳೆಯಲ್ಲಿ ತಿರುವಿಂದ ತಿರುವಿಗೆ ನಡ್ಕೊಂಡು ಎರಡು ಕಡ್ಡಿ ಸಿಗ್ನಲ್ ಸಿಕ್ಕಿದ ಜಾಗದಲ್ಲಿ ನಿಂತು ಫೋನ್ ಮಾಡಿದೆ. ಭಾಷೆ ಆರಿಸ್ಕೊಳ್ಳಿ ಅಂತು, ಕನ್ನಡ ಒತ್ತಿದೆ, ಎತ್ತಿದವಳು ಹಿಂದಿ. ಇರ್ಲಿ, ನನ್ನ ಹರಕುಮುರುಕು ಹಿಂದೀಲೇ ಹೇಳಿದೆ. ಗಾಡಿ ನಂಬರ್ ಕೇಳಿದ್ಲು, ಚಾಸಿ ನಂಬರಿನ ಕೊನೇ ಐದು ಅಂಕಿ ಕೇಳಿದ್ಲು, ಆಮೇಲೆ ಪಿನ್ ಕೋಡ್ ಹೇಳಿ ಸರ್ ಅಂದ್ಲು. ತಾಯಿ, ಇದು ಘಾಟಿ, ಇಲ್ಲಿ ಮನೆ ಇಲ್ಲ ಮಠ ಇಲ್ಲ, ಇಲ್ಲಿಗೆ ಯಾವ ಪೋಸ್ಟ್‌ಮ್ಯಾನ್ ಬರ್ತಾನೆ, ಪಿನ್ ಕೋಡ್ ಎಲ್ಲಿಂದ ತರ್ಲಿ? ಹಾಗಾದ್ರೆ ಹತ್ತಿರದ ದೊಡ್ಡ ಸಿಟಿ ಹೇಳಿ ಅಂದ್ಲು, ಮಂಗಳೂರು ಅಂದೆ, ಸರ್ ನಿಮ್ಮ ಲೊಕೇಶನ್ ಲಿಂಕ್ ಕಳ್ಸಿದೀನಿ ಕ್ಲಿಕ್ ಮಾಡಿ ಅಂದ್ಲು. ಮೆಸೇಜ್ ಬಂತು, ಲಿಂಕ್ ಓಪನ್ ಆಗ್ಬೇಕಲ್ಲ, ಡೇಟಾ ಇಲ್ಲ, ಬಿಳೀ ಪರದೆ ಸುತ್ತುತ್ತಾ ಇದೆ. ಕೆಟ್ಟು ನಿಂತೋನಿಗೆ ಒಳ್ಳೇ ಇಂಟರ್ನೆಟ್ ಇರುತ್ತೆ ಅಂತ ಯಾವ ಮಹಾನುಭಾವ ಎಸಿ ರೂಮಲ್ಲಿ ಕೂತು ಯೋಚನೆ ಮಾಡಿದ್ನೋ.

ಕಂಪ್ಲೇಂಟ್ ನಂಬರ್ ಕೊಟ್ರು, ಒಂದು ಗಂಟೇಲಿ ಬರ್ತಾರೆ ಅಂದ್ರು. ಬೈಕ್ ಹತ್ರ ವಾಪಸ್ ಬಂದೆ, ಅಲ್ಲಿ ಸಿಗ್ನಲ್ ಇಲ್ಲ, ಬೈಕ್ ಬಿಟ್ಟು ಬರೋಕೂ ಆಗಲ್ಲ. ಕತ್ತಲಾಯ್ತು, ಮಂಜು ಇಳೀತು, ಬಸ್ಸುಗಳು ತಿರುವಲ್ಲಿ ಹಾರ್ನ್ ಹೊಡ್ಕೊಂಡು ಮೈಮೇಲೆ ಬಂದಂಗೆ ಬರ್ತಿವೆ, ನಾನು ಮೊಬೈಲ್ ಟಾರ್ಚ್ ಆನ್ ಮಾಡ್ಕೊಂಡು ತಡೆಗೋಡೆಗೆ ಅಂಟ್ಕೊಂಡು ನಿಂತಿದೀನಿ. ಯಾರೂ ಬರ್ಲಿಲ್ಲ. ಮತ್ತೆ ಸಿಗ್ನಲ್ ಇರೋ ಕಡೆ ನಡ್ಕೊಂಡು ಹೋದಾಗ ಟಣ್ ಅಂತ ಮೆಸೇಜ್: ಗ್ರಾಹಕರು ಸಂಪರ್ಕಕ್ಕೆ ಸಿಗದ ಕಾರಣ ನಿಮ್ಮ ಕೇಸ್ ಮುಚ್ಚಲಾಗಿದೆ, ನಮ್ಮ ಸೇವೆಗೆ ರೇಟಿಂಗ್ ಕೊಡಿ. ರೇಟಿಂಗ್ ಬೇಕಂತೆ! ಅಲ್ಲೇ ಘಾಟಿಯಿಂದ ಕೆಳಕ್ಕೆ ಫೋನ್ ಎಸೆದುಬಿಡೋಣ ಅನ್ನಿಸ್ತು.

ಕೊನೆಗೆ ಮಂಗಳೂರಿಗೆ ತರಕಾರಿ ಇಳಿಸಿ ಖಾಲಿ ವಾಪಸ್ ಬರ್ತಿದ್ದ ಒಂದು ಪಿಕಪ್‌ನವರು ನಿಲ್ಸಿದ್ರು. ಡ್ರೈವರಣ್ಣ ಮತ್ತೆ ಕ್ಲೀನರ್ ಹುಡುಗ, ನಾನು, ಮೂರು ಜನ ಸೇರಿ ಬೈಕ್ ಎತ್ತಿ ಹಾಕಿದ್ವಿ. ಆ ಅಣ್ಣ ಮುಂದಿನ ಫೋರ್ಕಿಗೆ ಎರಡೂ ಕಡೆ ಹಗ್ಗ ಹಾಕಿ ಸಸ್ಪೆನ್ಷನ್ ಕೆಳಕ್ಕೆ ಒತ್ತಿ ಬಿಗಿದ, ಟ್ಯಾಂಕಿಗೆ ಉಜ್ಜದ ಹಾಗೆ ಮಧ್ಯೆ ಗೋಣಿಚೀಲ ಮಡಚಿ ಇಟ್ಟ, ಮೂಡಿಗೆರೇಲಿ ಗ್ಯಾರೇಜಿನವನ ಮನೆಗೆ ಫೋನ್ ಮಾಡಿ ಬಾಗಿಲು ತೆಗೆಸಿದ್ದೂ ಅವನೇ. ಕೊಟ್ಟಷ್ಟು ತಗೊಂಡ. ಆ ದುಡ್ಡನ್ನ ಆಮೇಲೆ ಕಂಪ್ನಿಗೆ ಕೇಳಿದ್ರೆ ನಮ್ಮ ವೆಂಡರ್ ಮೂಲಕ ಟೋ ಆಗಿಲ್ಲ, ಮುಂಚೆ ಪರ್ಮಿಷನ್ ತಗೊಂಡಿಲ್ಲ, ಜಿಎಸ್‌ಟಿ ಬಿಲ್ ಇಲ್ಲ, ಕೊಡಕ್ಕಾಗಲ್ಲ ಅಂತ ಮೇಲ್ ಬಂತು. ತರಕಾರಿ ಗಾಡಿಯವನ ಹತ್ರ ಮಧ್ಯರಾತ್ರಿ ಜಿಎಸ್‌ಟಿ ಬಿಲ್ ಕೇಳ್ಬೇಕಿತ್ತಂತೆ ನಾನು.

ಹಾಗಾದ್ರೆ ಬೇರೆ ಕಡೆ ತಗೋ ಅಂತೀರ. ನೋಡಿದೆ, ಅದನ್ನೂ ನೋಡಿದೆ. ಬೈಕ್ ಕಂಪ್ನಿಯವರದ್ದೇ ಪ್ಲಾನ್ ಇರುತ್ತೆ, ಅವರ ಟೆಕ್ನಿಷಿಯನ್ನಿಗೆ ಕೊನೇ ಪಕ್ಷ ಬೈಕಿನ ಹಿಂದು ಮುಂದು ಗೊತ್ತಿರುತ್ತೆ, ಅದು ನಿಜ. ಆದ್ರೆ ಟೋ ಮಾಡಿದ್ರೆ ಆಥರೈಸ್ಡ್ ಸರ್ವಿಸ್ ಸೆಂಟರಿಗೇ. ಬೈಕ್ ಕೆಡೋದು ಜನ ರೈಡ್ ಹೋಗೋ ಭಾನುವಾರ, ಸರ್ವಿಸ್ ಸೆಂಟರ್ ಬಾಗಿಲು ಹಾಕೋದೂ ಭಾನುವಾರಾನೇ. ಅವತ್ತು ರಾತ್ರಿ ಬೈಕ್ ಯಾರ ಜವಾಬ್ದಾರಿ, ಎಲ್ಲಿ ನಿಲ್ಸ್ತೀರ ಅಂತ ಕೇಳಿದ್ರೆ ಶೋರೂಮಿನವರು ಕಾಲ್ ಸೆಂಟರ್ ಕಡೆ ಕೈ ತೋರಿಸ್ತಾರೆ, ಕಾಲ್ ಸೆಂಟರಿನವರು ಶೋರೂಮ್ ಕಡೆ. ಮೂರನೇದು ಬರೀ ಅಸಿಸ್ಟೆನ್ಸ್ ಮಾತ್ರ ಮಾರೋ ಕಂಪ್ನಿಗಳು. ಎಷ್ಟೋ ಶೋರೂಮಲ್ಲಿ ಹೊಸ ಬೈಕಿನ ಆನ್ ರೋಡ್ ಪ್ರೈಸ್ ಒಳಗೆ ಇದನ್ನ ಸೇರಿಸಿರ್ತಾರೆ, ಕೆಲವ್ರು 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಜೊತೆ ಗಂಟು ಹಾಕಿ ಕೊಡ್ತಾರೆ, ಕೇಳಿದ್ರೆ ಎಲ್ಲಾ ಕಂಪಲ್ಸರಿ ಸಾರ್ ಅಂತಾರೆ. ಅಸಿಸ್ಟೆನ್ಸ್ ಯಾವತ್ತೂ ಕಂಪಲ್ಸರಿ ಅಲ್ಲ ಕಣ್ರೀ. ಈ ಮೂರನೇ ಜಾತಿಯವರದ್ದು ಇನ್ನೊಂದು ತೊಂದ್ರೆ ಇದೆ, ಇವರು ಇನ್ಶೂರೆನ್ಸ್ ಕಂಪ್ನಿ ಅಲ್ಲ. ಇನ್ಶೂರೆನ್ಸ್ ಕಂಪ್ನಿ ಕೈ ಕೊಟ್ರೆ ಮೊದಲು ಅವರಿಗೇ ಬರೆದು ಕಂಪ್ಲೇಂಟ್ ಕೊಟ್ಟು, ಸರಿ ಹೋಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ಕಂಪ್ನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐದು ಬಿಮಾ ಭರೋಸಾ ಅನ್ನೋ ದೂರಿನ ಪೋರ್ಟಲ್ ಇದೆ, 155255ಕ್ಕೆ ಫೋನ್ ಮಾಡ್ಬಹುದು, ಬೆಂಗಳೂರಲ್ಲಿ ದೂರು ಕೇಳಿ ತೀರ್ಮಾನ ಮಾಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸಿದೆ, ಒಂದು ರೂಪಾಯಿ ಫೀಸಿಲ್ಲ. ಬರೀ ಅಸಿಸ್ಟೆನ್ಸ್ ಮಾರೋನ ಮೇಲೆ ಅಲ್ಲಿಗೆ ಹೋಗೋಕಾಗಲ್ಲ, 1915 ಕನ್ಸ್ಯೂಮರ್ ಹೆಲ್ಪ್‌ಲೈನ್, ಇಲ್ಲಾಂದ್ರೆ ಗ್ರಾಹಕರ ಆಯೋಗ. ಇನ್ನೂರು ರೂಪಾಯಿ ಪ್ಲಾನಿಗೆ ಯಾರು ಆಯೋಗದ ಮೆಟ್ಟಿಲು ಹತ್ತುತ್ತಾರೆ, ಅದು ಅವರಿಗೂ ಚೆನ್ನಾಗಿ ಗೊತ್ತು.

ಹಳೇ ಬೈಕ್ ಇರೋರ ಕಥೆ ಇನ್ನೂ ಮಜಾ. ಹತ್ತು ವರ್ಷದ ಬೈಕಿಗೆ ಐಡಿವಿ, ಅಂದ್ರೆ ಇನ್ಶೂರೆನ್ಸ್‌ನವರು ಲೆಕ್ಕ ಹಾಕೋ ಗಾಡಿ ಬೆಲೆ, ಏನೂ ಉಳಿದಿರಲ್ಲ, ಹಾಗಾಗಿ ಜನ ಬೇರೆಯವರಿಗೆ ಆಗೋ ನಷ್ಟಕ್ಕೆ ಅಂತ ಇರೋ ಥರ್ಡ್ ಪಾರ್ಟಿ ಮಾತ್ರ ಕಟ್ತಾರೆ. 150 ಸಿಸಿ ಮೇಲೆ 350ರ ತನಕ 1,366 ರೂಪಾಯಿ ಅಂತ 2022ರಲ್ಲಿ ಸರ್ಕಾರ ಗೊತ್ತು ಮಾಡಿದ್ದು, ಮೇಲೆ ಜಿಎಸ್‌ಟಿ. ಆದ್ರೆ ರೋಡ್‌ಸೈಡ್ ಆಡ್ ಆನ್ ಸಾಮಾನ್ಯವಾಗಿ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ನಷ್ಟದ ಕವರ್) ಜೊತೆಗೇ ಕೊಡೋದು. ಅಂದ್ರೆ ದಾರೀಲಿ ಕೆಡೋ ಚಾನ್ಸ್ ಯಾವ ಬೈಕಿಗೆ ಜಾಸ್ತಿನೋ ಅದಕ್ಕೇ ಇಲ್ಲ, ಶೋರೂಮಿಂದ ಮೊನ್ನೆ ಇಳಿದಿರೋ ಬೈಕಿಗೆ ಟಿಕ್ ಹಾಕಿ ಟಿಕ್ ಹಾಕಿ ಅಂತ ದುಂಬಾಲು ಬೀಳ್ತಾರೆ.

ಮಧ್ಯೆ ನಮ್ಮ ಏಜೆಂಟ್ ಮಹಾಶಯ ಒಬ್ಬ. ಅಸಿಸ್ಟೆನ್ಸ್ ಜಾಸ್ತಿ ಯೂಸ್ ಮಾಡ್ಬೇಡಿ ಸಾರ್ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ) ಹೋಗ್ಬಿಡುತ್ತೆ ಅಂತ ಹೆದರಿಸಿದ. ಬೋನಸ್ ಹೋಗೋದು ಓನ್ ಡ್ಯಾಮೇಜ್ ಕ್ಲೇಮ್ ಮಾಡಿದ್ರೆ, ಗಾಡಿ ಟೋ ಮಾಡಿಸ್ಕೊಂಡ್ರೆ ಅದು ಕ್ಲೇಮ್ ಅಲ್ಲ ಕಣಯ್ಯ ಅಂದೆ, ಹೌದಾ ಸಾರ್ ನೋಡ್ತೀನಿ ಅಂದ. ಮಾರೋನಿಗೇ ಗೊತ್ತಿಲ್ಲ. 1033 ಇದೆಯಲ್ಲ ಅಂತ ಇನ್ನೊಬ್ಬ ಅಂದ. ಇದೆ, ನ್ಯಾಷನಲ್ ಹೈವೇ ಹೆಲ್ಪ್‌ಲೈನ್ ಅದು, ಆಕ್ಸಿಡೆಂಟ್ ಆದ್ರೆ ಆಂಬುಲೆನ್ಸ್, ರೋಡಿಗೆ ಅಡ್ಡ ನಿಂತ ಗಾಡಿ ಪಕ್ಕಕ್ಕೆ ಎಳೆಯೋಕೆ ಕ್ರೇನ್, ಒಳ್ಳೇದೇ. ನನ್ನ ಬೈಕ್ ಪಕ್ಕದಲ್ಲೇ ನಿಂತಿದೆಯಪ್ಪ, ಅದು ಗ್ಯಾರೇಜಿಗೆ ಹೋಗ್ಬೇಕಾಗಿರೋದು.

ಈ ಸಲ ಮೂರು ಕಂಪ್ನಿಗೆ ಫೋನ್ ಮಾಡಿ ಒಂದೇ ಪ್ರಶ್ನೆಗಳನ್ನ ಕೇಳ್ದೆ. ಚಾರ್ಮಾಡಿ ಘಾಟಿ ಮೇಲಿರೋ ಕೊಟ್ಟಿಗೆಹಾರದಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ನಿಂತ್ರೆ ಯಾವ ಊರಿಂದ ಗಾಡಿ ಕಳಿಸ್ತೀರ? ಟೋ ಲೆಕ್ಕ ಎಲ್ಲಿಂದ ಎಲ್ಲಿಗೆ? ಟ್ಯೂಬ್ ಟೈರ್ ಪಂಕ್ಚರ್ ಆದ್ರೆ ಅಲ್ಲೇ ಹಾಕ್ತೀರಾ, ಪಂಕ್ಚರ್ ಅಂಗಡಿ ತನಕ ಎತ್ಕೊಂಡು ಹೋಗ್ತೀರಾ? ಫೋನ್ ಸಿಗ್ಲಿಲ್ಲ ಅಂದ್ರೆ ಕೇಸ್ ಮುಚ್ತೀರಾ? ಮೂರೂ ಜನ ಎಲ್ಲಾ ಕವರ್ ಆಗುತ್ತೆ ಸರ್ ಅಂತ ಒಂದೇ ರಾಗ. ಸರಿ ಹಾಗಾದ್ರೆ ಇದನ್ನೇ ಮೇಲಲ್ಲಿ ಬರೆದು ಕಳಿಸಿ, ಈಗ್ಲೇ ದುಡ್ಡು ಕಟ್ತೀನಿ ಅಂದೆ. ಅಲ್ಲಿಂದ ಮೇಲ್ ಬರೋದು ಬಿಡಿ, ಫೋನೇ ಬಂದಿಲ್ಲ.

ನಾಳೆ ರಾತ್ರಿ 12ಕ್ಕೆ ಪಾಲಿಸಿ ಮುಗಿಯುತ್ತೆ, ಓನ್ ಡ್ಯಾಮೇಜ್ ಕಟ್ತೀನಿ, ಆ ಬಾಕ್ಸಿಗೆ ಮಾತ್ರ ಟಿಕ್ ಹಾಕಲ್ಲ. ಪಿಕಪ್ ಅಣ್ಣನ ನಂಬರ್ ಸೇವ್ ಇದೆ, ಬೈಕ್ ಬಿಗಿದು ಕಟ್ಟೋಕೆ ಎರಡು ರ‍್ಯಾಚೆಟ್ ಪಟ್ಟಿ ತಗೊಂಡು ಸೀಟ್ ಕೆಳಗೆ ಇಟ್ಟಿದೀನಿ. ನಿಮ್ಮಲ್ಲಿ ಯಾರಿಗಾದ್ರೂ ಬೆಂಗಳೂರು ಬಿಟ್ಟು ಹೊರಗೆ, ಘಾಟಿಯಲ್ಲಿ, ರಾತ್ರಿ ಹೊತ್ತು ನಿಜವಾಗ್ಲೂ ಬಂದು ಬೈಕ್ ಎತ್ಕೊಂಡು ಹೋಗಿದ್ರೆ ಯಾವ ಪ್ಲಾನು, ಎಷ್ಟು ಹೊತ್ತಾಯ್ತು, ಕೈಯಿಂದ ಎಷ್ಟು ಬಿತ್ತು ಅಂತ ಹೇಳಿ. ಏಜೆಂಟರು ದಯವಿಟ್ಟು ಮೆಸೇಜ್ ಮಾಡ್ಬೇಡಿ.