ಮೇಲಿನಿಂದ ಸುರಿದದ್ದು ಕೊನೆಗೆ ತಾಗುವುದಿಲ್ಲ

ಮೊನ್ನೆ ಕಾರವಾರದ ಕಡಲತೀರದಲ್ಲಿ, ಪ್ರದರ್ಶನಕ್ಕೆ ನಿಲ್ಲಿಸಿರುವ ಟುಪೊಲೆವ್ ವಿಮಾನದ ರೆಕ್ಕೆಯ ನೆರಳಿನಲ್ಲಿ ನಿಂತು ಅಕ್ಕನ ಮಗನೊಂದಿಗೆ ಜಗಳವಾಡಿದೆ. ಮಾತು ಬಿಡುವಂಥ ಜಗಳವೇನಲ್ಲ. ಅವನು ಎಂಜಿನಿಯರಿಂಗ್ ಓದುತ್ತಿರುವವನು, ನಾನು ಶಿರಸಿ ಕಡೆಯ ಅಡಿಕೆ ತೋಟದವನು. ಇಬ್ಬರಿಗೂ ಸೋಲುವ ಅಭ್ಯಾಸವಿಲ್ಲ, ಅಷ್ಟೆ.

ಕಳೆದ ಬೇಸಿಗೆಯಲ್ಲಿ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೊಗೆಯ ವಾಸನೆ ಬಂತು. ಎದ್ದು ಹೋದವರು ಮನೆಗೆ ಮರಳಿದ್ದು ರಾತ್ರಿ ಹತ್ತರ ಮೇಲೆ. ಊರಿನ ಹದಿನೈದು ಜನ, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಎರಡು ಕತ್ತಿ, ಬೆನ್ನಿಗೆ ಕಟ್ಟುವ ಔಷಧಿ ಹೊಡೆಯುವ ಡಬ್ಬಿಯಲ್ಲಿ ನೀರು. ದರಕಿನ, ಎಂದರೆ ಉದುರಿದ ಒಣ ಎಲೆಗಳ, ಮೇಲೆ ಹರಿಯುವ ಬೆಂಕಿ ಆಳೆತ್ತರ ಏಳುವುದಿಲ್ಲ, ಮೊಣಕಾಲಿನ ಮಟ್ಟದಲ್ಲಿ ಸದ್ದಿಲ್ಲದೆ ತೆವಳುತ್ತದೆ. ಒಂದು ಕಡೆ ಬಡಿದು ನಂದಿಸಿ ತಿರುಗಿದರೆ ಹಿಂದಿನ ಕೊರಡಿನೊಳಗಿಂದ ಮತ್ತೆ ಕಣ್ಣು ಬಿಡುತ್ತದೆ. ಅಂದು ಸುಟ್ಟ ಅಂಗೈಯ ಫೋಟೋವನ್ನು ಮನೆಯವರ ಗುಂಪಿಗೆ ಹಾಕಿದ್ದೇ ತಪ್ಪಾಯಿತು. ಅಳಿಯನಿಗೆ ಅಂದಿನಿಂದ ಒಂದೇ ಮಂತ್ರ: ವಿಮಾನ ಬೇಕು.

"ಮಾವ, ಇಷ್ಟು ದೊಡ್ಡ ವಿಮಾನವನ್ನು ತಂದು ನೋಡುವುದಕ್ಕೆ ನಿಲ್ಲಿಸಿದ್ದೇವೆ. ನೀರು ಸುರಿಯುವ ನಾಲ್ಕು ಸಣ್ಣ ವಿಮಾನ ಇಟ್ಟುಕೊಳ್ಳಲು ಆಗುವುದಿಲ್ಲವೇ?" ಎಂದು ಮೊಬೈಲಿನಲ್ಲಿ ಹಳದಿ ಬಣ್ಣದ ಒಂದು ವಿಮಾನ ತೋರಿಸಿದ. ಹೆಸರು ಏರ್ ಟ್ರ್ಯಾಕ್ಟರ್. "ಹೆಸರಿನಲ್ಲೇ ಟ್ರ್ಯಾಕ್ಟರ್ ಇದೆ ನೋಡಿ, ನಿಮ್ಮಂಥವರಿಗಾಗಿಯೇ ಮಾಡಿದ್ದು."

ಆ ವಿಮಾನ ನನಗೂ ಇಷ್ಟವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದು ವಾರವಿಡೀ ಅದರ ಬಗ್ಗೆಯೇ ಓದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಓಲ್ನಿ ಎಂಬ ಸಣ್ಣ ಊರಿನಲ್ಲಿ ತಯಾರಾಗುತ್ತದೆ. ಲೆಲ್ಯಾಂಡ್ ಸ್ನೋ ಎಂಬವರು ಜೀವಮಾನವಿಡೀ ಬೆಳೆಗೆ ಔಷಧಿ ಹೊಡೆಯುವ ವಿಮಾನಗಳನ್ನೇ ವಿನ್ಯಾಸ ಮಾಡಿದವರು. ಅವರ ದೊಡ್ಡ ಮಾದರಿ ಎಟಿ-802 ಮೊದಲು ಹಾರಿದ್ದು 1990ರಲ್ಲಿ. ಒಂದೇ ಎಂಜಿನ್, ಸುಮಾರು 3,000 ಲೀಟರಿನ ಟ್ಯಾಂಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಅಡಿಕೆಯ ಕೊಳೆರೋಗದ ಔಷಧಿ ಕಲಸುವ 200 ಲೀಟರಿನ ಹದಿನೈದು ಡ್ರಮ್ಮುಗಳನ್ನು ಹೊತ್ತು ಹಾರಿದಂತೆ.

ರೂಪ ಚಂದವಿಲ್ಲ, ಬೆನ್ನು ಗೂನು. ಆದರೆ ಆ ಗೂನಿಗೂ ಕಾರಣವಿದೆ. ಟ್ಯಾಂಕು ಇರುವುದು ಎಂಜಿನ್ನಿಗೂ ಪೈಲಟ್ಟಿಗೂ ನಡುವೆ, ವಿಮಾನದ ತೂಕ ಸಮತೂಗುವ ಜಾಗದಲ್ಲಿ. ಹಾಗಾಗಿ ಟ್ಯಾಂಕು ಖಾಲಿಯಾಗುತ್ತಾ ಹೋದರೂ ಮೂತಿ ಏಳುವುದಿಲ್ಲ, ಬಾಲ ಬೀಳುವುದಿಲ್ಲ. ಪೈಲಟ್ ಹಿಂದೆ, ಎತ್ತರದಲ್ಲಿ, ಉಕ್ಕಿನ ಕೊಳವೆಗಳ ಪಂಜರದೊಳಗೆ ಕೂತಿರುತ್ತಾನೆ. ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಎಂಜಿನ್, ಆಮೇಲೆ ಟ್ಯಾಂಕು, ಕೊನೆಗೆ ಅವನು. ಎದುರುಗಡೆ ಕರೆಂಟು ತಂತಿ ಕತ್ತರಿಸುವ ಬ್ಲೇಡುಗಳು. ಇಳಿಯಲು ಡಾಂಬರಿನ ರನ್‌ವೇ ಬೇಕೆಂದಿಲ್ಲ, ಮಣ್ಣಿನ ಪಟ್ಟಿ ಸಾಕು. ನನಗೆ ತುಂಬಾ ಹಿಡಿಸಿದ್ದು ಅದರ ಹೊಟ್ಟೆಯ ಕೆಳಗಿನ ಬಾಗಿಲು. ಔಷಧಿಯ ವಿಮಾನ ಅಪಾಯಕ್ಕೆ ಸಿಕ್ಕರೆ ಒಂದೇ ಕ್ಷಣದಲ್ಲಿ ಹೊರೆಯೆಲ್ಲ ಚೆಲ್ಲಿ ಮೇಲೇಳಲಿ ಎಂದು ಇಟ್ಟ ಬಾಗಿಲು ಅದು. ಹೊರೆಯನ್ನೆಲ್ಲ ಒಮ್ಮೆಗೇ ಚೆಲ್ಲುವ ಆ ಉಪಾಯವನ್ನೇ ಹಿಗ್ಗಿಸಿ, ಎಷ್ಟು ನೀರು, ಎಷ್ಟು ಅಗಲಕ್ಕೆ ಎಂದು ಲೆಕ್ಕ ಹಾಕಿ ತೆರೆಯುವಂತೆ ಮಾಡಿದರೆ ಬೆಂಕಿ ನಂದಿಸುವ ವಿಮಾನವಾಯಿತು. ಕೆಳಗೆ ದೋಣಿಯಂಥ ಕಾಲುಗಳನ್ನು ಜೋಡಿಸಿದರೆ ಕೆರೆಯ ಮೇಲೆ ಜಾರುತ್ತಲೇ ನೀರು ಹೀರಿಕೊಂಡು ಏಳುತ್ತದೆ. ಅದಕ್ಕೆ ಫೈರ್ ಬಾಸ್ ಎಂದು ಹೆಸರು.

ಇದೇನೂ ಹೊಸ ಉಪಾಯವಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡಿಗೆ ಬೆಂಕಿ ಬಿದ್ದಾಗ, ಪಕ್ಕದ ವಿಲೋಸ್ ಎಂಬ ಊರಿನಲ್ಲಿ ಹೊಲಗಳ ಮೇಲೆ ಹಾರುತ್ತಿದ್ದ ಸ್ಟಿಯರ್‌ಮನ್ ವಿಮಾನದ ಹೊಟ್ಟೆಗೆ ಬಾಗಿಲು ಕೊರೆದು ನೀರು ಸುರಿದಿದ್ದರು. ಆ ಸ್ಟಿಯರ್‌ಮನ್ ಆದರೂ ಹುಟ್ಟಿದ್ದು ಹೊಲಕ್ಕಲ್ಲ; ಎರಡನೆಯ ಮಹಾಯುದ್ಧಕ್ಕೆ ಪೈಲಟ್ಟುಗಳನ್ನು ತಯಾರು ಮಾಡಿದ ವಿಮಾನ ಅದು, ಯುದ್ಧ ಮುಗಿದ ಮೇಲೆ ರೈತರ ಪಾಲಿಗೆ ಬಂತು. ಇನ್ನೂ ಹಿಂದೆ ಹೋದರೆ, ವಿಮಾನದಿಂದ ಮೊತ್ತಮೊದಲು ಕೀಟನಾಶಕ ಉದುರಿಸಿದ್ದು 1921ರ ಆಗಸ್ಟಿನಲ್ಲಿ, ಅಮೆರಿಕದ ಓಹಾಯೋದ ಟ್ರಾಯ್ ಊರಿನ ಒಂದು ಕಟಾಲ್ಪಾ ಮರಗಳ ತೋಪಿನ ಮೇಲೆ. ವಿಮಾನ ಸೈನ್ಯದ್ದು, ಪೈಲಟ್ ಸೈನ್ಯದವನು, ಉದುರಿಸಿದ್ದು ಸೀಸ ಮತ್ತು ಪಾಷಾಣ (ಆರ್ಸೆನಿಕ್) ಸೇರಿದ ಪುಡಿ. ಎಂದರೆ ಈ ಜಾತಿ ಯುದ್ಧದ ಅಂಗಳದಿಂದಲೇ ಹೊಲಕ್ಕೆ ಇಳಿದದ್ದು, ಮತ್ತೆ ಅಲ್ಲಿಗೇ ಹೋಗಿ ಬರುತ್ತಲೇ ಇದೆ. ಸೋವಿಯತ್ ದೇಶದ ಪಿಒ-2 ಎಂಬ ಎರಡು ರೆಕ್ಕೆಗಳ ಮರದ ವಿಮಾನ ತರಬೇತಿಗೆ, ಹೊಲಕ್ಕೆ ಔಷಧಿ ಹೊಡೆಯುವುದಕ್ಕೆ ಇತ್ತು. ಯುದ್ಧ ಬಂದಾಗ ಅದರಲ್ಲೇ ಹೆಣ್ಣುಮಕ್ಕಳ ಒಂದು ದಳ ರಾತ್ರಿ ಬಾಂಬು ಹಾಕಲು ಹೊರಟಿತು. ಎಂಜಿನ್ನಿನ ಸದ್ದು ತಗ್ಗಿಸಿ ತೇಲಿಕೊಂಡು ಬರುತ್ತಿದ್ದ ಅವರನ್ನು ಜರ್ಮನರು ರಾತ್ರಿಯ ಮಾಟಗಾತಿಯರು ಎಂದು ಕರೆದರು.

ಏರ್ ಟ್ರ್ಯಾಕ್ಟರಿನ ಕಥೆಯೂ ಅದೇ ದಾರಿ ಹಿಡಿದಿದೆ. ಕೊಲಂಬಿಯಾದಲ್ಲಿ ಕೊಕೇನ್ ತಯಾರಿಸುವ ಕೋಕಾ ಬೆಳೆಯ ಮೇಲೆ ಕಳೆನಾಶಕ ಹೊಡೆಯುವಾಗ ಕೆಳಗಿನಿಂದ ಗುಂಡು ಹಾರುತ್ತಿದ್ದುದರಿಂದ ವಿಮಾನಗಳಿಗೆ ಕವಚ ತೊಡಿಸಿದರು. ಕವಚ ಬಂದ ಮೇಲೆ ಬಂದೂಕು ಬರಲು ಹೊತ್ತು ಹಿಡಿಯಲಿಲ್ಲ. 2009ರಲ್ಲಿ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಯುದ್ಧದ ಮಾದರಿಯನ್ನೇ ತಂದು ನಿಲ್ಲಿಸಿದರು. ಸಂಯುಕ್ತ ಅರಬ್ ಸಂಸ್ಥಾನ ಕೊಂಡಿತು, ಜೋರ್ಡಾನಿನ ಸೈನ್ಯಕ್ಕೂ ಸೇರಿತು. 2022ರ ಆಗಸ್ಟಿನಲ್ಲಿ ಅಮೆರಿಕದ ವಿಶೇಷ ಪಡೆಗಳೇ ಇದನ್ನು ಆರಿಸಿಕೊಂಡವು. ಈಗ ಅದರ ಹೆಸರು ಸ್ಕೈರೈಡರ್-2. ಭಾರ ಹೊರುತ್ತದೆ, ಮಣ್ಣಿನ ಪಟ್ಟಿಯಲ್ಲಿ ಇಳಿಯುತ್ತದೆ, ಗಂಟೆಗಟ್ಟಲೆ ಒಂದೇ ಜಾಗದ ಮೇಲೆ ಸುತ್ತುತ್ತದೆ, ಜೆಟ್ ವಿಮಾನದಷ್ಟು ಖರ್ಚಿಲ್ಲ. ರೈತ ಬಯಸಿದ ಗುಣಗಳೇ ಸೈನಿಕನಿಗೂ ಬೇಕಾದವು. ಹೊಟ್ಟೆ ದೊಡ್ಡದಿದ್ದರೆ ಸಾಕು, ಅದರಲ್ಲಿ ಏನು ತುಂಬುತ್ತಾರೆ ಎಂಬುದು ವಿಮಾನಕ್ಕೆ ಸಂಬಂಧಿಸಿದ ವಿಷಯವಲ್ಲ.

ಕೆಳಗಿದ್ದವರಿಗೆ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಾಸರಗೋಡು ಕಂಡಿದೆ, ದಕ್ಷಿಣ ಕನ್ನಡ ಕಂಡಿದೆ, ನಮ್ಮ ಕರಾವಳಿಯ ತಾಲ್ಲೂಕುಗಳೂ ಕಂಡಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಕೆಲವರನ್ನು ಅವರ ತಾಯಂದಿರು ಇಂದಿಗೂ ಎತ್ತಿಯೇ ಒಯ್ಯಬೇಕು. ಅಂದು ಮೇಲೆ ಹಾರಿದವನಿಗೆ ಕಂಡದ್ದು ಗೇರು ಮರದ ತಲೆ ಮಾತ್ರ. ಬಾವಿ, ಹಟ್ಟಿ, ಒಣಹಾಕಿದ ಬಟ್ಟೆ, ಶಾಲೆಯಿಂದ ಬರುತ್ತಿದ್ದ ಹುಡುಗಿ ಯಾವುದೂ ಅವನ ಕೆಲಸದೊಳಗೆ ಇರಲಿಲ್ಲ. ಬೆಂಕಿಗೆಂದು ಬಂದ ವಿಮಾನ ಒಂಬತ್ತು ತಿಂಗಳು ಸುಮ್ಮನೆ ನಿಲ್ಲುವುದಿಲ್ಲ. ಬೇರೆ ದೇಶಗಳಲ್ಲಿ ಕೆಲವು ಕಡೆ ಇಂಥ ವಿಮಾನ ಉಳಿದ ದಿನಗಳಲ್ಲಿ ಹೊಲದ ಮೇಲೆ ಹಾರಿ ತನ್ನ ಅನ್ನ ತಾನೇ ದುಡಿಯುತ್ತದೆ. ಇಲ್ಲಿಯೂ ಯಾರಾದರೂ, "ಹೇಗೂ ವಿಮಾನ ಇದೆಯಲ್ಲ" ಎಂದು ಆರಂಭಿಸುತ್ತಾರೆ. ಆ ಮಾತಿಗೆ ನನಗೆ ಭಯ.

(ನಮ್ಮ ದೇಶದಲ್ಲೂ ಇಂಥ ವಿಮಾನ ಇತ್ತು ಎಂದು ಅಳಿಯನಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನವರು ಕೃಷಿಗೆಂದೇ ಬಸಂತ್ ಎಂಬ ವಿಮಾನ ಮಾಡಿದ್ದರು. 1972ರ ಮಾರ್ಚಿನಲ್ಲಿ ಹಾರಿತು, ನಲವತ್ತರ ಹತ್ತಿರ ತಯಾರಾದವು, 1980ರ ಹೊತ್ತಿಗೆ ನಿಂತೇ ಹೋಯಿತು. ನನ್ನ ಕಡೆ ಒಂದು ಅಂಕ ಬಂತೆಂದು ಇದನ್ನು ಬರೆದೆ.)

ಭಯ ಒಂದು ಕಡೆಗಿರಲಿ. ನನ್ನ ನಿಜವಾದ ತಕರಾರು ತೋಟದಲ್ಲಿ ಕಲಿತದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಅಡಿಕೆ ಕೊಯ್ಯುವ ಕೊನೆಗೌಡ ಏಕೆ ಮರ ಹತ್ತುತ್ತಾನೆ? ಅಡಿಕೆಯ ಗೊಂಚಲು, ನಮ್ಮ ಮಾತಿನಲ್ಲಿ ಕೊನೆ, ಇರುವುದು ಸೋಗೆಯ ಕೆಳಗೆ, ಕಂಕುಳಲ್ಲಿ ಅವಿತಂತೆ. ಮೇಲಿನಿಂದ ಎಷ್ಟು ಸುರಿದರೂ ಸೋಗೆ ನೆನೆಯುತ್ತದೆ, ಕೊನೆ ಒಣಗಿರುತ್ತದೆ. ಮರ ಹತ್ತಿ, ಕೊನೆಗೆ ಮುಖ ಕೊಟ್ಟು, ಕಾಯಿಗಳ ಸಂದಿಗೆ ಇಳಿಯುವಂತೆ ಹೊಡೆದರೆ ಮಾತ್ರ ಔಷಧಿ ಔಷಧಿಯಾಗುತ್ತದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಆ ಅಳತೆ ಯಾರಿಗೂ ಕಷ್ಟವಲ್ಲ. ತಾಗಿಸುವುದೇ ವಿದ್ಯೆ.

ನಮ್ಮ ಕಾಡಿನ ಬೆಂಕಿಯೂ ಕೊನೆಯಂತೆಯೇ, ತಲೆಯ ಮೇಲಿಲ್ಲ, ಕೆಳಗಿದೆ. ಸಿನಿಮಾಗಳಲ್ಲಿ ಕಾಣುವಂತೆ ಮರದಿಂದ ಮರಕ್ಕೆ ಹಾರುವ ಬೆಂಕಿ ಸಹ್ಯಾದ್ರಿಯಲ್ಲಿ ಅಪರೂಪ. ಇಲ್ಲಿ ಸುಡುವುದು ನೆಲದ ದರಕು, ಒಣಹುಲ್ಲು, ಬಿದ್ದ ಕೊರಡು. ಹಸಿರು ಬಿಡದ ಕಾಡಿನ ಮೇಲೆ 3,000 ಲೀಟರ್ ಸುರಿದರೆ ಮೊದಲ ಪಾಲು ಎಲೆಗೆ, ಎರಡನೆಯ ಪಾಲು ಗಾಳಿಗೆ. ಅಳಿಯ ಕದ್ರಾ, ಕೊಡಸಳ್ಳಿ ಜಲಾಶಯಗಳಿಂದ ನೀರು ಹೀರಬಹುದು ಎಂದ. ನಕಾಶೆಯಲ್ಲಿ ಹೀರಬಹುದು. ಹೊಟ್ಟೆ ತುಂಬಿದ ವಿಮಾನ ಆ ಕಣಿವೆಯ ಹೊಗೆಯೊಳಗಿಂದ ಗುಡ್ಡ ದಾಟಬೇಕಲ್ಲ?

ಅವನ ಮಾತಿನಲ್ಲೂ ಹುರುಳಿತ್ತು ಎಂದು ಒಪ್ಪುತ್ತೇನೆ. ಎಲೆ ಉದುರಿದ ಹಳಿಯಾಳ, ದಾಂಡೇಲಿ ಕಡೆಯ ಸಾಗುವಾನಿ ನೆಡುತೋಪುಗಳಲ್ಲಿ, ಬೋಳು ಹುಲ್ಲುಗುಡ್ಡಗಳಲ್ಲಿ ನೀರು ನೆಲ ಮುಟ್ಟುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ತೊಟ್ಟಿಯಂಥ ಚೀಲ ನೇತುಹಾಕಿಕೊಂಡು ನೀರು ತಂದವು. 2023ರ ಮಾರ್ಚಿನಲ್ಲಿ ನಮ್ಮ ಗಡಿಯಾಚೆ ಗೋವಾದ ಕಾಡು ಹೊತ್ತಿದಾಗ ನೌಕಾಪಡೆಯೂ ಬಂತು. ಹತ್ತಲು ಆಗದ ಕಡಿದಾದ ಜಾಗಕ್ಕೆ ಅದು ಬೇಕು, ಬರಲಿ. ಕಾರವಾರದ ಅರ್ಗಾದಲ್ಲಿ 2005ರಿಂದ ನೌಕಾನೆಲೆ ಇದೆ. ಮಾರ್ಚ್ ತಿಂಗಳಲ್ಲಿ ಒಂದು ಹೆಲಿಕಾಪ್ಟರನ್ನು ನೀರಿನ ಚೀಲದೊಂದಿಗೆ ಸಿದ್ಧವಾಗಿಡಿ ಎಂದು ಜಿಲ್ಲೆ ಕೇಳಿದರೆ ಅದು ದೊಡ್ಡ ಬೇಡಿಕೆಯೇನಲ್ಲ. ಆದರೆ ಹಾಗೆ ನೀರು ಸುರಿದ ಕಡೆಯೂ ಬೆಂಕಿಯನ್ನು ಕೊನೆಗೆ ಕೊಂದದ್ದು ನೆಲದ ಮೇಲಿದ್ದವರೇ. ಮೇಲಿನ ನೀರು ಬೆಂಕಿಯ ಓಟ ತಗ್ಗಿಸಿ ಅವರಿಗೆ ಹೊತ್ತು ಕೊಡುತ್ತದೆ, ಅಷ್ಟೆ. ನೆಲದ ಮೇಲೆ ಯಾರೂ ಇಲ್ಲದಿದ್ದರೆ ಆ ಹೊತ್ತನ್ನು ಯಾರಿಗೆ ಕೊಡುವುದು?

ನಮ್ಮಲ್ಲಿ ಖಾಲಿಯಾಗುತ್ತಿರುವುದು ಅದೇ. ಮೊದಲು ಬೆಟ್ಟದ ದರಕನ್ನು ಗುಡಿಸಿ ಕೊಟ್ಟಿಗೆಗೆ, ಗೊಬ್ಬರಕ್ಕೆ ತರುತ್ತಿದ್ದರು. ಬೆಂಕಿಗೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಈಗ ಕೊಟ್ಟಿಗೆಯಲ್ಲಿ ದನವಿಲ್ಲ, ಮನೆಯಲ್ಲಿ ಹುಡುಗರಿಲ್ಲ. ಬೇಸಿಗೆಯ ಮೂರು ತಿಂಗಳಿಗೆ ಬೆಂಕಿ ಕಾಯುವವರನ್ನು ದಿನಗೂಲಿಯ ಮೇಲೆ ಇಡುತ್ತಾರೆ. ಬೆಂಕಿ ನಂದಿಸಿದ ಮರುದಿನವೂ ಹರಿದ ಚಪ್ಪಲಿಯಲ್ಲೇ ಬರುವವರು ಅವರು. ಒಂದು ವಿಮಾನದ ಬೆಲೆಯಲ್ಲಿ ಎಷ್ಟು ಜನರಿಗೆ ಒಳ್ಳೆಯ ಬೂಟು ಮತ್ತು ವರ್ಷವಿಡೀ ಸಂಬಳ ಕೊಡಬಹುದು ಎಂದು ಕೇಳಿದೆ. ಎಂಜಿನಿಯರ್ ಮೊಬೈಲಿನಲ್ಲಿ ಲೆಕ್ಕ ಹಾಕಲು ಆರಂಭಿಸಿ ಅರ್ಧಕ್ಕೆ ಬಿಟ್ಟ.

ಸೋತ ಎಂದು ಇದರ ಅರ್ಥವಲ್ಲ. ನಿನ್ನೆ ಫೋನ್ ಮಾಡಿದ್ದ. ಈಗ ವಿಮಾನದ ಮಾತಿಲ್ಲ, ಡ್ರೋನ್. ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ನಮ್ಮ ಸೀಮೆಗೂ ಬಂದಿದೆ, ಅದರ ಅಣ್ಣತಮ್ಮಂದಿರು ಉಕ್ರೇನಿನಲ್ಲಿ ಬಾಂಬು ಹೊರುತ್ತಿದ್ದಾರೆ. ವಂಶವೃಕ್ಷ ಮತ್ತೆ ಅದೇ. ಅವನು ಅದನ್ನು ಹೊಗೆ ಎಲ್ಲಿ ಎದ್ದಿದೆ ಎಂದು ನೋಡಲು ಮಾತ್ರ ಹಾರಿಸುತ್ತಾನಂತೆ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲವಂತೆ. ಫೆಬ್ರವರಿಯ ಎರಡನೆಯ ಭಾನುವಾರ ಬೆಟ್ಟದ ಸುತ್ತ ಬೆಂಕಿ ದಾಟದಂತೆ ಗೆರೆ ಸವರುವ ಕೆಲಸವಿದೆ, ಆ ದಿನವೇ ಬಾ, ಡ್ರೋನ್ ತಾ ಎಂದೆ. ಕತ್ತಿ ನಾನು ಕೊಡುತ್ತೇನೆ.