ಇಬ್ಬರು ಚೆನ್ನಮ್ಮಂದಿರನ್ನು ಒಬ್ಬಳನ್ನಾಗಿ ಮಾಡಬೇಡಿ

ರಾಜ್ಯೋತ್ಸವ ಹತ್ತಿರ ಬಂದಾಗಲೆಲ್ಲ ಒಂದು ಚಿತ್ರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿ ಹಿಡಿದ ಕಿತ್ತೂರು ರಾಣಿಯ ಪ್ರತಿಮೆಯ ಚಿತ್ರವದು. ಅದರ ಕೆಳಗೆ, ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟವಳೂ ಬ್ರಿಟಿಷರನ್ನು ಸೋಲಿಸಿದವಳೂ ಈ ವೀರರಾಣಿ ಚೆನ್ನಮ್ಮನೇ ಎಂಬ ಅರ್ಥದ ಸಾಲುಗಳಿರುತ್ತವೆ. ನೂರಾರು ಜನ ಕೈ ಮುಗಿದು ಅದನ್ನು ಮುಂದಕ್ಕೆ ಕಳಿಸುತ್ತಾರೆ. ಆ ಅಭಿಮಾನದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಾಲುಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ಬದುಕು ಒಬ್ಬಳ ಹೆಸರಿನಲ್ಲಿ ಕರಗಿಹೋಗಿದೆ ಎಂಬುದನ್ನು ನೋಡಿದಾಗ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಶಿವಾಜಿಯ ಮಗ ರಾಜಾರಾಮನಿಗೆ ನೆರವಾದವಳು ಕೆಳದಿಯ ಚೆನ್ನಮ್ಮ. ಅದು 1689ರ ಮಾತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಎದುರಿಸಿದವಳು ಕಿತ್ತೂರಿನ ಚೆನ್ನಮ್ಮ. ಅದು 1824ರ ಮಾತು. ನಡುವೆ 135 ವರ್ಷಗಳಿವೆ. ಒಬ್ಬಳದು ಮಲೆನಾಡು, ಇನ್ನೊಬ್ಬಳದು ಬೆಳಗಾವಿ-ಧಾರವಾಡದ ಸೀಮೆ. ಕೆಳದಿಯ ರಾಣಿಯ ಕಾಲದಲ್ಲಿ ದೆಹಲಿಯ ಬಾದಶಹನೇ ದಖನ್ನಿನಲ್ಲಿ ಬೀಡುಬಿಟ್ಟು ಕುಳಿತಿದ್ದ. ಕಿತ್ತೂರಿನ ರಾಣಿಯ ಕಾಲಕ್ಕೆ ಬರುವಷ್ಟರಲ್ಲಿ ಮೊಘಲರ ಬಲ ಕುಂದಿ, ಪೇಶ್ವೆಗಳ ಆಳ್ವಿಕೆಯೂ ಮುಗಿದು, ಧಾರವಾಡದಲ್ಲಿ ಇಂಗ್ಲಿಷ್ ಕಲೆಕ್ಟರನ ಕಚೇರಿ ನಡೆಯುತ್ತಿತ್ತು.

ಈ ಗೊಂದಲಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಚೆನ್ನಮ್ಮ, ಚೆನ್ನವ್ವ, ಚೆನ್ನಬಸಮ್ಮ ಎಂಬ ಹೆಸರುಗಳು ನಮ್ಮಲ್ಲಿ ಮನೆಮನೆಯವು. ಒಕ್ಕಲುತನದ ಮನೆಯಲ್ಲೂ ಅಂಗಡಿಕಾರರ ಮನೆಯಲ್ಲೂ ಅರಮನೆಯಲ್ಲೂ ಅದೇ ಹೆಸರು. ಅದರ ಮೇಲೆ ಇಬ್ಬರು ರಾಣಿಯರ ಬದುಕಿನ ಮೇಲ್ನೋಟದ ಹಂದರವೂ ಹೆಚ್ಚುಕಡಿಮೆ ಒಂದೇ. ಇಬ್ಬರೂ ವೀರಶೈವ ಅರಸು ಮನೆತನಗಳಿಗೆ ಸೊಸೆಯಾಗಿ ಬಂದವರು, ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರೂ ದತ್ತುಪುತ್ರನ ಮೂಲಕ ಮನೆತನವನ್ನು ಉಳಿಸಲು ಹೊರಟವರು, ಇಬ್ಬರೂ ತಮಗಿಂತ ಎಷ್ಟೋ ದೊಡ್ಡ ಶಕ್ತಿಯ ಎದುರು ನಿಂತವರು. ಹೆಸರೂ ಒಂದೇ, ಹಂದರವೂ ಒಂದೇ ಆದಾಗ ಜನರ ನೆನಪಿನಲ್ಲಿ ಎರಡು ಕಥೆ ಒಂದಾಗುವುದು ಸಹಜ. ಆದರೆ ಈ ಹೋಲಿಕೆಯೊಳಗೆ ಇಳಿದು ನೋಡಿದರೆ ಇಬ್ಬರೂ ಎಷ್ಟು ಬೇರೆ ಎಂಬುದು ತಿಳಿಯುತ್ತದೆ.

ಕೆಳದಿಯ ಚೆನ್ನಮ್ಮ ಸಿದ್ದಪ್ಪ ಶೆಟ್ಟಿ ಎಂಬ ವ್ಯಾಪಾರಿಯ ಮಗಳು. ರಾಜಮನೆತನದಲ್ಲಿ ಹುಟ್ಟಿದವಳಲ್ಲ. ಕೆಳದಿಯ ಅರಸ ಸೋಮಶೇಖರ ನಾಯಕ ಆಕೆಯನ್ನು ಮದುವೆಯಾದ ಕೆಲವೇ ವರ್ಷಗಳಲ್ಲಿ ಆತನ ಮನಸ್ಸು ಆಡಳಿತದಿಂದ ದೂರವಾಯಿತು, ಆರೋಗ್ಯ ಕೆಟ್ಟಿತು, 1671ರ ಸುಮಾರಿಗೆ ಆತ ತೀರಿಕೊಂಡ. ಅರಸನಿಲ್ಲದ ರಾಜ್ಯವೆಂದು ತಿಳಿದು ಬಿಜಾಪುರದ ಸೇನೆ ಕೆಳದಿಯವರ ರಾಜಧಾನಿ ಬಿದನೂರಿನತ್ತ ಬಂದಿತು. ಆಗ ಚೆನ್ನಮ್ಮ ಭುವನಗಿರಿ ದುರ್ಗಕ್ಕೆ, ಎಂದರೆ ಇಂದು ತೀರ್ಥಹಳ್ಳಿಯ ಕಡೆ ಹೋದವರು ಹತ್ತಿ ನೋಡುವ ಕವಲೇದುರ್ಗಕ್ಕೆ, ಹಿಂದೆ ಸರಿದು, ಅಲ್ಲಿಂದಲೇ ನಿಷ್ಠರಾದ ಸರದಾರರನ್ನು ಒಟ್ಟುಗೂಡಿಸಿ ರಾಜ್ಯವನ್ನು ಕೈಗೆತ್ತಿಕೊಂಡಳು. ಕವಲೇದುರ್ಗವನ್ನು ಹತ್ತಿದವರಿಗೆ ಅದರ ಅರ್ಥ ಗೊತ್ತಿರುತ್ತದೆ. ಒಂದು ಸುತ್ತಿನ ಕೋಟೆ ದಾಟಿದರೆ ಇನ್ನೊಂದು ಸುತ್ತು, ಒಂದು ಹೆಬ್ಬಾಗಿಲಿನ ಹಿಂದೆ ಇನ್ನೊಂದು ಹೆಬ್ಬಾಗಿಲು, ಬಾಗಿಲಿನ ಪಕ್ಕದಲ್ಲಿ ಕಾವಲಿನವರು ಕೂರುವ ಜಗಲಿ, ಮೇಲೆ ನೀರಿನ ಕೊಳ, ಸುತ್ತ ಕಣ್ಣು ಹಾಯಿಸಿದಷ್ಟೂ ಕಾಡು. ಅಲ್ಲಿ ಕಾದು ಕುಳಿತು, ಸಮಯ ನೋಡಿ ಇಳಿದು ಬಂದು ರಾಜಧಾನಿಯನ್ನು ಮತ್ತೆ ಪಡೆಯುವುದು ಕೇವಲ ಆವೇಶದಿಂದ ಆಗುವ ಕೆಲಸವಲ್ಲ.

ಆಕೆ ಆಳಿದ್ದು ಸುಮಾರು 25 ವರ್ಷ. ಈ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಾಲು ಶತಮಾನ ಎಂದರೆ ಒಂದು ತಲೆಮಾರು; ಅಷ್ಟು ಕಾಲವೂ ಘಟ್ಟದ ಮೇಲಿನ ಅಡಿಕೆ, ಮೆಣಸಿನ ಸೀಮೆಯಿಂದ ಕರಾವಳಿಯ ಬಂದರುಗಳವರೆಗಿನ ರಾಜ್ಯವೊಂದರ ತೆರಿಗೆ, ಸೈನ್ಯ, ಮಠಮಾನ್ಯ, ವ್ಯಾಪಾರವೆಲ್ಲ ಆಕೆಯ ಹೆಸರಿನಲ್ಲಿ ನಡೆದವು. ಪೋರ್ಚುಗೀಸರಿಗೆ ಕರಾವಳಿಯ ಅಕ್ಕಿ ಮತ್ತು ಮೆಣಸು ಬೇಕಿತ್ತು. ಅವರೊಂದಿಗೆ ವ್ಯಾಪಾರದ ಮಾತುಕತೆ ನಡೆಸುತ್ತಲೇ ಇತ್ತ ಮೈಸೂರಿನ ಚಿಕ್ಕದೇವರಾಜ ಒಡೆಯರೊಂದಿಗೆ ಗಡಿಗಾಗಿ ಹೋರಾಡಬೇಕಿತ್ತು. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ಆ ಹೆಸರು ಬಂದದ್ದು ಆಕೆಯಿಂದಲೇ. ಅದಕ್ಕೆ ಮೊದಲು ಆ ಊರು ಹುಲಿಕೆರೆಯಾಗಿತ್ತು.

ರಾಜಾರಾಮನ ಪ್ರಸಂಗ ಬರುವುದು ಈ ದೀರ್ಘ ಆಡಳಿತದ ಕೊನೆಯ ಭಾಗದಲ್ಲಿ. 1689ರ ಮಾರ್ಚಿನಲ್ಲಿ ಔರಂಗಜೇಬ್ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ ಅವನ ತಮ್ಮ ರಾಜಾರಾಮ ದಕ್ಷಿಣದ ಜಿಂಜಿ ಕೋಟೆಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ದಾರಿ ಕೆಳದಿ ರಾಜ್ಯದ ಮೂಲಕ ಇತ್ತು. ಜಂಗಮರ ವೇಷದಲ್ಲಿ ಬಂದನೆಂದು ಹೇಳುತ್ತಾರೆ. ಅವನನ್ನು ಒಪ್ಪಿಸಿಬಿಟ್ಟಿದ್ದರೆ ಮೊಘಲ್ ಬಾದಶಹನ ಮೆಚ್ಚುಗೆ ಸಿಗುತ್ತಿತ್ತು. ಚೆನ್ನಮ್ಮ ಅವನನ್ನು ಸುರಕ್ಷಿತವಾಗಿ ದಾಟಿಸಿದಳು. ಮೊಘಲ್ ಸೇನೆ ಬಂದಿತು, ಮಲೆನಾಡಿನ ಕಾಡಿನಲ್ಲಿ ಕೆಳದಿಯವರು ಅದನ್ನು ತಡೆದರು, ಕೊನೆಗೆ ಒಪ್ಪಂದವಾಯಿತು. ಈ ಒಪ್ಪಂದವನ್ನು ನಮ್ಮ ಭಾಷಣಕಾರರು ಬಿಟ್ಟುಬಿಡುತ್ತಾರೆ, ಏಕೆಂದರೆ ವೀರರಾಣಿಯ ಕಥೆಗೆ ಅದು ಒಗ್ಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಆಕೆಯ ಹಿರಿಮೆ. ಆಶ್ರಯ ಕೇಳಿ ಬಂದವನನ್ನು ಕೈಬಿಡಲಿಲ್ಲ, ರಾಜ್ಯವನ್ನೂ ಕಳೆದುಕೊಳ್ಳಲಿಲ್ಲ. ಬಿಜಾಪುರ, ಗೋಲ್ಕೊಂಡಗಳು ಮೊಘಲರ ವಶವಾಗಿ ಎರಡು-ಮೂರು ವರ್ಷ ಕಳೆದಿದ್ದ ಸಮಯದಲ್ಲಿ ಕೆಳದಿ ಉಳಿಯಿತು. ಆಕೆ ದತ್ತು ಪಡೆದ ಬಸವಪ್ಪ ನಾಯಕ ಮುಂದೆ ಪಟ್ಟಕ್ಕೆ ಬಂದು, 'ಶಿವತತ್ತ್ವರತ್ನಾಕರ' ಎಂಬ ವಿಶ್ವಕೋಶದಂತಹ ಸಂಸ್ಕೃತ ಗ್ರಂಥವನ್ನು ರಚಿಸಿದ. ಮನೆತನ 1763ರಲ್ಲಿ ಹೈದರಾಲಿ ಬಿದನೂರನ್ನು ಗೆಲ್ಲುವವರೆಗೂ ಮುಂದುವರಿಯಿತು.

ಇನ್ನು ಕಿತ್ತೂರಿನ ಚೆನ್ನಮ್ಮ. ಬೆಳಗಾವಿ ಬಳಿಯ ಕಾಕತಿಯ ದೇಸಾಯಿ ಮನೆತನದ ಮಗಳು, ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ರಾಣಿ. ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1818ರಲ್ಲಿ ಪೇಶ್ವೆಗಳ ವಿರುದ್ಧದ ಯುದ್ಧದಲ್ಲಿ ಕಿತ್ತೂರು ಇಂಗ್ಲಿಷರ ಪಕ್ಷದಲ್ಲಿತ್ತು, ಕಂಪನಿಯ ಅಧಿಕಾರಿ ಥಾಮಸ್ ಮನ್ರೊ ಸಂಸ್ಥಾನವನ್ನು ಅವರಿಗೇ ಬಿಟ್ಟುಕೊಟ್ಟಿದ್ದ, ಕಿತ್ತೂರು ಕಂಪನಿಗೆ ವಾರ್ಷಿಕ ಕಪ್ಪವನ್ನೂ ಕೊಡುತ್ತಿತ್ತು. ವೇದಿಕೆಯ ಮೇಲೆ ನಮ್ಮ ಮಕ್ಕಳು ಕಪ್ಪ ಕೇಳಲು ಬಂದವನನ್ನು ಗದರಿಸುವ ದೃಶ್ಯವನ್ನು ಅಭಿನಯಿಸುವಾಗ ಮೈ ನವಿರೇಳುತ್ತದೆ, ನಿಜ. ಆದರೆ ಜಗಳ ಹುಟ್ಟಿದ್ದು ಕಪ್ಪದಿಂದಲ್ಲ, ದತ್ತಿನಿಂದ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ಪತ್ರವನ್ನೇ ನಂಬಲಿಲ್ಲ. ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆ ಹಾಕಿ ಕಾವಲು ಇಟ್ಟ. ಕೆಳದಿಯ ಕಾಲದಲ್ಲಿ ರಾಣಿಯೊಬ್ಬಳು ದತ್ತು ತೆಗೆದುಕೊಂಡರೆ ಅದಕ್ಕೆ ಮನೆತನದವರ, ಸರದಾರರ, ಮಠದ ಸಮ್ಮತಿ ಬೇಕಿತ್ತು. ಕಿತ್ತೂರಿನ ಕಾಲಕ್ಕೆ ಅದಕ್ಕೆ ಸಮುದ್ರದಾಚೆಯ ವ್ಯಾಪಾರಿ ಕಂಪನಿಯ ಅಧಿಕಾರಿಯೊಬ್ಬನ ಒಪ್ಪಿಗೆ ಬೇಕಾಯಿತು. 135 ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ದತ್ತುಗಳನ್ನು ಮುಂದಿಡುತ್ತೇನೆ. ಒಂದು ದತ್ತು ರಾಜ್ಯವನ್ನು ಉಳಿಸಿತು, ಇನ್ನೊಂದು ದತ್ತನ್ನು ನೆಪ ಮಾಡಿಕೊಂಡು ರಾಜ್ಯವನ್ನು ಕಿತ್ತುಕೊಂಡರು. ಡಾಲ್‌ಹೌಸಿ ಇದನ್ನೇ ದೇಶದ ಉದ್ದಗಲಕ್ಕೂ ನೀತಿಯಾಗಿ ಹೇರಿ, ಸಾತಾರಾ, ಝಾನ್ಸಿಗಳನ್ನು ನುಂಗಿದ್ದು ಎಷ್ಟೋ ವರ್ಷಗಳ ನಂತರ. ಇಬ್ಬರು ಚೆನ್ನಮ್ಮಂದಿರನ್ನು ಒಬ್ಬಳನ್ನಾಗಿ ಮಾಡಿದ ಕ್ಷಣದಲ್ಲಿ ಈ ಇಡೀ ಇತಿಹಾಸ ಕಣ್ಣಿಂದ ಮರೆಯಾಗುತ್ತದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪ. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ರಾಣಿ ಅವರ ಜೀವಕ್ಕೆ ಅಪಾಯ ಮಾಡಲಿಲ್ಲ, ನಂತರ ಬಿಡುಗಡೆಯನ್ನೂ ಮಾಡಿದಳು. ಇದೇ ಎಲಿಯಟ್ ಮುಂದೆ ಊರೂರು ಸುತ್ತಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ಬರೆಯಲು ಆ ಸಂಗ್ರಹ ನೆರವಾಯಿತು. ಸೆರೆಯಾಳನ್ನು ಉಳಿಸಿದ ರಾಣಿಯ ಆ ನಿರ್ಧಾರಕ್ಕೆ ಕನ್ನಡದ ವಿದ್ವತ್ತು ಋಣಿಯಾಗಿದೆ ಎಂದು ನಾನು ನಂಬುತ್ತೇನೆ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೇನೆಯೊಂದಿಗೆ ಬಂದು ಕೋಟೆಯನ್ನು ಗೆದ್ದಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು, ಅಲ್ಲಿಯೇ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಹೋರಾಟವನ್ನು ಮುಂದುವರಿಸಿದ್ದು ಅದೇ ಶಿವಲಿಂಗಪ್ಪನನ್ನು ಪಟ್ಟಕ್ಕೆ ಕೂರಿಸುವುದಕ್ಕಾಗಿ. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಡಿಸೆಂಬರಿನ ಆ ಯುದ್ಧದಲ್ಲಿ ಸತ್ತವರಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೊ ಕೂಡ ಒಬ್ಬ. ಆತ ಥಾಮಸ್ ಮನ್ರೊನ ಸಂಬಂಧಿ. ಚೆನ್ನಮ್ಮನ ಸೈನಿಕರು ಥಾಮಸ್ ಮನ್ರೊನನ್ನೇ ಕೊಂದರೆಂದು ಹೇಳುವವರಿದ್ದಾರೆ. ಥಾಮಸ್ ಮನ್ರೊ ಆಗ ಮದ್ರಾಸಿನ ಗವರ್ನರ್ ಆಗಿದ್ದ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಹೆಸರು ಒಂದಾದರೆ ಶತ್ರುಗಳೂ ಒಂದಾಗಿಬಿಡುತ್ತಾರೆ.

ನನ್ನ ನಿಜವಾದ ನೋವು ಇರುವುದು ಬೇರೊಂದು ಕಡೆ. ಈ ಗೊಂದಲದಲ್ಲಿ ಹೆಚ್ಚು ಕಳೆದುಕೊಂಡವಳು ಕೆಳದಿಯ ಚೆನ್ನಮ್ಮ. ಬರೀ 'ರಾಣಿ ಚೆನ್ನಮ್ಮ' ಎಂದರೆ ಎಲ್ಲರಿಗೂ ಕಿತ್ತೂರೇ ನೆನಪಾಗುತ್ತದೆ. ಬೆಳಗಾವಿಯ ವಿಶ್ವವಿದ್ಯಾಲಯ, ಬೆಂಗಳೂರಿನಿಂದ ಹೊರಡುವ ರೈಲು, ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್, ಎಲ್ಲವೂ ಕಿತ್ತೂರಿನ ರಾಣಿಯವು. ಸಂಸತ್ ಭವನದ ಆವರಣದಲ್ಲಿ 2007ರಲ್ಲಿ ನಿಲ್ಲಿಸಿದ ಪ್ರತಿಮೆಯೂ ಆಕೆಯದೇ. ಅದರಲ್ಲಿ ನನಗೆ ತಕರಾರಿಲ್ಲ, ಆ ಗೌರವಕ್ಕೆ ಆಕೆ ಪೂರ್ತಿ ಅರ್ಹಳು. ಆದರೆ ಕೆಳದಿಯವಳನ್ನು ನೆನೆಯುವಾಗಲೂ ನಾವು ಕಿತ್ತೂರಿನವಳ ಅಚ್ಚಿನಲ್ಲೇ ನೆನೆಯುತ್ತೇವೆ. ಅದೇ ಕುದುರೆ, ಅದೇ ಕತ್ತಿ, ಅದೇ ಉಗ್ರ ಮುಖ. ನಮ್ಮ ಸರ್ಕಾರ ಸಾಹಸ ತೋರಿದ ಹೆಣ್ಣುಮಕ್ಕಳಿಗೆ ಕೊಡುವ ಪ್ರಶಸ್ತಿಗೆ ಕೆಳದಿ ಚೆನ್ನಮ್ಮನ ಹೆಸರಿದೆ, ಅದು ಸಂತೋಷವೇ. ಆದರೆ ಆಡಳಿತದಲ್ಲಿ, ಹಣಕಾಸಿನಲ್ಲಿ, ಸಂಧಾನದಲ್ಲಿ ಹೆಸರು ಮಾಡಿದ ಮಹಿಳೆಯರಿಗೆ ಆಕೆಯ ಹೆಸರಿನಲ್ಲಿ ಒಂದು ಗೌರವ ಸಲ್ಲಬೇಕೆಂದು ಯಾರಿಗೂ ಏಕೆ ತೋಚಲಿಲ್ಲ? ಹೆಣ್ಣು ಕತ್ತಿ ಹಿಡಿದರೆ ಮಾತ್ರ ಇತಿಹಾಸದಲ್ಲಿ ಜಾಗ, ಕಾಲು ಶತಮಾನ ಲೆಕ್ಕಪತ್ರ ನೋಡಿ ನಾಡನ್ನು ನಡೆಸಿದರೆ ಜಾಗವಿಲ್ಲ ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ.

ಉಳ್ಳಾಲದ ಅಬ್ಬಕ್ಕನ ವಿಷಯದಲ್ಲೂ ಇದೇ ಆಗಿದೆ. 16ನೇ ಶತಮಾನದ ನಡುವಿನಲ್ಲಿ ಪೋರ್ಚುಗೀಸರೊಂದಿಗೆ ಹೋರಾಡಿದ ಅಬ್ಬಕ್ಕ ಮತ್ತು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡ ಉಳ್ಳಾಲದ ರಾಣಿ ಒಬ್ಬರೇ ಅಲ್ಲ, ಅಬ್ಬಕ್ಕ ಎಂಬ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರಿದ್ದರು ಎಂದು ಹಲವು ಇತಿಹಾಸಕಾರರು ವಾದಿಸುತ್ತಾರೆ. ವರ್ಷಗಳ ಅಂತರವನ್ನು ನೋಡಿದರೆ ನನಗೂ ಅದೇ ಸರಿ ಎನಿಸುತ್ತದೆ. ಆ ಪ್ರವಾಸಿ ಕಂಡ ರಾಣಿಯ ಕೈಯಲ್ಲಿ ಕತ್ತಿ ಇರಲಿಲ್ಲ. ಸಾದಾ ಬಟ್ಟೆಯುಟ್ಟು, ಬರಿಗಾಲಲ್ಲಿ ನಡೆಯುತ್ತ ಆಕೆ ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು.

ಹೆಸರು ಒಂದೇ ಇದ್ದರೂ ಗೊಂದಲವಾಗದಂತೆ ನೋಡಿಕೊಳ್ಳುವ ದಾರಿ ನಮ್ಮ ಹಿರಿಯರಿಗೆ ಗೊತ್ತಿತ್ತು. ಬೆಳವಡಿ ಮಲ್ಲಮ್ಮ ಶಿವಾಜಿಯ ಸೈನ್ಯವನ್ನು ಎದುರಿಸಿದವಳು, ಹೇಮರಡ್ಡಿ ಮಲ್ಲಮ್ಮ ಶ್ರೀಶೈಲದ ಮಲ್ಲಿಕಾರ್ಜುನನನ್ನು ನಂಬಿ ಬದುಕಿದ ಶರಣೆ. ಇಬ್ಬರನ್ನೂ ಯಾರೂ ಬೆರೆಸುವುದಿಲ್ಲ, ಏಕೆಂದರೆ ಹೆಸರಿನ ಹಿಂದಿನ ಆ ಒಂದು ಗುರುತನ್ನು ಯಾರೂ ಬಿಟ್ಟು ಮಾತಾಡುವುದಿಲ್ಲ. ಚೆನ್ನಮ್ಮಂದಿರಿಗೂ ಅಷ್ಟೇ ಸಾಕು. ಕೆಳದಿಯವಳಿಗೆ ಹಳೆಯ ದಾಖಲೆಗಳಲ್ಲಿರುವಂತೆ ಚೆನ್ನಮ್ಮಾಜಿ ಎಂದು ಹೇಳಿದರೂ ಸರಿಯೇ.

ಈ ಸಲದ ರಾಜ್ಯೋತ್ಸವಕ್ಕೆ ಮಕ್ಕಳಿಗೆ ವೇಷ ಹಾಕಿಸುವ ಶಿಕ್ಷಕರಲ್ಲಿ, ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಒಂದೇ ಶಾಲೆಯಲ್ಲಿ ಇಬ್ಬರು ಹುಡುಗಿಯರಿಗೆ ಇಬ್ಬರು ಚೆನ್ನಮ್ಮಂದಿರ ವೇಷ ಹಾಕಿಸಿ. ಕಿತ್ತೂರಿನ ಚೆನ್ನಮ್ಮನ ಒಂದು ಕೈಯಲ್ಲಿ ಕತ್ತಿ ಇರಲಿ, ಇನ್ನೊಂದರಲ್ಲಿ ಥ್ಯಾಕರೆ ನಂಬದೆ ಹೋದ ದತ್ತು ಪತ್ರ ಇರಲಿ. ಕೆಳದಿಯ ಚೆನ್ನಮ್ಮಾಜಿಯನ್ನು ಕುದುರೆಯಿಂದ ಇಳಿಸಿ ಗದ್ದುಗೆಯ ಮೇಲೆ ಕೂರಿಸಿ. ಒಂದು ಬದಿಯಲ್ಲಿ ಜಂಗಮನ ವೇಷದ ರಾಜಾರಾಮ, ಇನ್ನೊಂದು ಬದಿಯಲ್ಲಿ ಅಕ್ಕಿ-ಮೆಣಸು ಕೇಳಲು ಬಂದ ಪೋರ್ಚುಗೀಸ್ ವ್ಯಾಪಾರಿ ನಿಲ್ಲಲಿ. ಎರಡು ನಿಮಿಷದ ಮಾತಿನಲ್ಲಿ ಆ ಮಗು ತನ್ನ ಊರಿನ ಹೆಸರನ್ನು, ತಾನು ಆಳಿದ ವರ್ಷಗಳನ್ನು ತಾನೇ ಹೇಳಲಿ.